ಬರೆದ ಹಾಳೆಗೆ ಬಂದ ಬೆಲೆ: ಒಂದು ವಿದ್ಯಾರ್ಥಿ ಕಂಪನಿಯ ಪ್ರಕರಣ ಅಧ್ಯಯನ

ಯುವ ಉದ್ಯಮಶೀಲತಾ ತರಬೇತಿಯೊಂದರಲ್ಲಿ ನಾನು ಮೆಂಟರ್, ಅಂದರೆ ಮಾರ್ಗದರ್ಶಕಿ, ಆಗಿದ್ದಾಗ ಹತ್ತಿರದಿಂದ ನೋಡಿದ ಪ್ರಕರಣ ಇದು. ಇದರ ಕೇಂದ್ರದಲ್ಲಿರುವ ವಿದ್ಯಾರ್ಥಿನಿಗೆ ಆಗ 17 ವರ್ಷ. ಅವಳ ಗುರುತು, ತಂಡದವರ ಗುರುತು ಸಿಗಬಾರದೆಂದು ಹೆಸರು, ಊರು, ಸಂಸ್ಥೆ ಯಾವುದನ್ನೂ ಹೇಳಿಲ್ಲ. ಹಣದ ಲೆಕ್ಕವನ್ನೂ ‘ಒಂದು ನೋಟ್‌ಬುಕ್ಕಿನ ಬೆಲೆ’ ಎಂಬ ಅಳತೆಯಲ್ಲೇ ಕೊಟ್ಟಿದ್ದೇನೆ. ಓದುವವರಿಗೂ ಅದು ಸುಲಭ. ತರಬೇತಿ ನಡೆಸುವವರಿಗೆ, ಅದರಲ್ಲೂ ಹೊಸದಾಗಿ ಮೆಂಟರ್ ಆಗುವವರಿಗೆ ಇದು ಉಪಯೋಗಕ್ಕೆ ಬರಲಿ ಎಂಬ ಆಸೆ ನನ್ನದು.

ಹಿನ್ನೆಲೆ

ತರಬೇತಿ 12 ವಾರದ್ದು. ವಿದ್ಯಾರ್ಥಿಗಳು ಐದೈದು ಜನ ಸೇರಿ ಒಂದು ಪುಟ್ಟ ಕಂಪನಿ ಮಾಡಬೇಕು. ಪರಿಚಯದವರಿಗೆ ಶೇರು ಮಾರಿ ಬಂಡವಾಳ ಕೂಡಿಸಬೇಕು. ಏನಾದರೂ ತಯಾರಿಸಿ ಮಾರಬೇಕು. ಕೊನೆಯ ವಾರ ಕಂಪನಿ ಮುಚ್ಚಿ, ಲೆಕ್ಕ ಚುಕ್ತಾ ಮಾಡಿ, ಶೇರುದಾರರ ಹಣ ವಾಪಸ್ ಕೊಡಬೇಕು. ಈ ಮಾದರಿ ಹಳೆಯದು. ಅಮೆರಿಕದಲ್ಲಿ 1919ರಲ್ಲಿ ಶುರುವಾದ ಜೂನಿಯರ್ ಅಚೀವ್‌ಮೆಂಟ್ ಸಂಸ್ಥೆಯ ವಿದ್ಯಾರ್ಥಿ ಕಂಪನಿಗಳು ಹೀಗೇ ನಡೆಯುತ್ತಾ ಬಂದಿವೆ. ಆಮೇಲೆ ಎಷ್ಟೋ ದೇಶಗಳ ತರಬೇತಿಗಳು ಇದೇ ದಾರಿ ಹಿಡಿದವು.

ನಮ್ಮ ತಂಡದ ಐಡಿಯಾ ಚೆನ್ನಾಗಿತ್ತು. ವರ್ಷದ ಕೊನೆಗೆ ಪ್ರತಿ ವಿದ್ಯಾರ್ಥಿಯ ಹತ್ತಿರ ಅರ್ಧ ಬರೆದ ನೋಟ್‌ಬುಕ್‌ಗಳು ಉಳಿಯುತ್ತವೆ. ಅವುಗಳಲ್ಲಿ ಖಾಲಿ ಹಾಳೆಗಳು ಬೇಕಾದಷ್ಟಿರುತ್ತವೆ. ಅವನ್ನು ಸೇರಿಸಿ, ಹೊಲಿದು, ಹೊಸ ರಟ್ಟು ಹಾಕಿ ಮಾರುವುದು. ಹಾಳೆ ಪುಕ್ಕಟೆ, ಕಾಗದವೂ ಉಳಿಯುತ್ತದೆ. ಕೇಳಿದವರಿಗೆಲ್ಲ ಖುಷಿಯಾಯಿತು. ನನಗೂ ಆಯಿತು.

ಮೊದಲ ವಾರ ಅವರು 50 ಜನರಿಗೆ ಒಂದು ಫಾರಂ ಕೊಟ್ಟರು. ‘ಇಂಥ ನೋಟ್‌ಬುಕ್ ಸಿಕ್ಕರೆ ಕೊಳ್ಳುತ್ತೀರಾ?’ ಎಂಬುದು ಮುಖ್ಯ ಪ್ರಶ್ನೆ. 44 ಜನ ‘ಹೌದು’ ಎಂದು ಬರೆದರು. ಅದೇ ವಾರ ಅಲೆಕ್ಸಾಂಡರ್ ಆಸ್ಟರ್‌ವಾಲ್ಡರ್ ರೂಪಿಸಿದ ಬಿಸಿನೆಸ್ ಮಾಡೆಲ್ ಕ್ಯಾನ್ವಾಸ್ ತುಂಬಿಸಿದರು. ಗ್ರಾಹಕರು ಯಾರು, ಅವರಿಗೆ ಏನು ಕೊಡುತ್ತೇವೆ, ಖರ್ಚೇನು, ಆದಾಯವೇನು ಎಂದೆಲ್ಲ ಬರೆಯುವ ಒಂಬತ್ತು ಚೌಕಗಳು. ಎರಡು ಗಂಟೆಯಲ್ಲಿ ಒಂಬತ್ತೂ ತುಂಬಿದವು. ಖರ್ಚಿನ ಚೌಕದಲ್ಲಿ ದಾರ, ಗೋಂದು, ರಟ್ಟು ಎಂದಿತ್ತು. ಕೆಲಸ ಮಾಡುವವರ ಸಮಯ ಅಲ್ಲಿರಲಿಲ್ಲ. ಅದು ನನ್ನ ಕಣ್ಣಿಗೂ ಬೀಳಲಿಲ್ಲ.

ಒಂದು ಶೇರಿಗೆ ಒಂದು ನೋಟ್‌ಬುಕ್ಕಿನ ಬೆಲೆ ಇಟ್ಟು 60 ಶೇರು ಮಾರಿದರು. ತರಬೇತಿಯ ನಿಯಮದ ಪ್ರಕಾರ ತಮಗೆ ತಾವೇ ಕೂಲಿಯನ್ನೂ ಗೊತ್ತು ಮಾಡಿಕೊಂಡರು: ಗಂಟೆಗೆ ಒಂದೂವರೆ ನೋಟ್‌ಬುಕ್ಕಿನ ಬೆಲೆ. ಅದು ಕಾಗದದ ಮೇಲೆಯೇ ಉಳಿಯಿತು. ಯಾರು ಎಷ್ಟು ಗಂಟೆ ದುಡಿದರು ಎಂದು ಯಾರೂ ಬರೆದಿಡಲಿಲ್ಲ.

ತಂಡದವರು ಮತ ಹಾಕಿ ಒಬ್ಬ ಹುಡುಗನನ್ನು ಮುಖ್ಯಸ್ಥನಾಗಿ ಆರಿಸಿದರು. ಚುರುಕು ಮಾತಿನ, ಎಲ್ಲರನ್ನೂ ಹುರಿದುಂಬಿಸುವ ಹುಡುಗ. ನಾನು ಹೇಳಲು ಹೊರಟಿರುವ ವಿದ್ಯಾರ್ಥಿನಿಗೆ ತಯಾರಿಕೆಯ ಜವಾಬ್ದಾರಿ ಬಂತು. ಅವಳು ಮಾತು ಕಡಿಮೆ. ಮೀಟಿಂಗಿನಲ್ಲಿ ಸಾಮಾನ್ಯವಾಗಿ ಕೊನೆಯ ಕುರ್ಚಿಯಲ್ಲಿ ಇರುತ್ತಿದ್ದಳು.

ಎಲ್ಲಿ ಸಿಕ್ಕಿಕೊಂಡಿತು

ಮೂರು ಮತ್ತು ನಾಲ್ಕನೇ ವಾರ ಸೇರಿ 60 ಪುಸ್ತಕ ತಯಾರಾದವು. ಕೆಲಸ ಅಂದುಕೊಂಡದ್ದಕ್ಕಿಂತ ಕಷ್ಟವಾಗಿತ್ತು. ಬಂದ ಹಾಳೆಗಳ ಅಳತೆ ಒಂದೇ ಇರಲಿಲ್ಲ. ಕೆಲವು ಗೆರೆ ಹಾಳೆ, ಕೆಲವು ಗೆರೆ ಇಲ್ಲದ್ದು, ಕೆಲವು ಚೌಕುಳಿ. ಕೆಲವದರ ಮೂಲೆಯಲ್ಲಿ ಏನೋ ಗೀಚಿರುತ್ತಿತ್ತು. ಅವನ್ನೆಲ್ಲ ಬೇರ್ಪಡಿಸಿ, ಅಂಚು ಕತ್ತರಿಸಿ, ದಬ್ಬಣದಿಂದ ತೂತು ಮಾಡಿ ಹೊಲಿಯಬೇಕಿತ್ತು.

ಐದನೇ ವಾರ ಮಾರಾಟ. 60ರಲ್ಲಿ 17 ಹೋದವು. ಅದರಲ್ಲಿ 13 ಕೊಂಡವರು ಶೇರುದಾರರು ಮತ್ತು ಮನೆಯವರು. ‘ಹೌದು’ ಎಂದು ಬರೆದಿದ್ದ 44 ಜನರಲ್ಲಿ ಹೆಚ್ಚಿನವರು ಪುಸ್ತಕ ತಿರುವಿ ನೋಡಿ, ‘ತುಂಬಾ ಚೆನ್ನಾಗಿದೆ’ ಎಂದು ಹೇಳಿ ವಾಪಸ್ ಇಟ್ಟರು.

ವಿಚಿತ್ರ ಅಂದರೆ ಹಣದ ಡಬ್ಬಿ ನೋಡಿದರೆ ತೊಂದರೆಯೇ ಕಾಣುತ್ತಿರಲಿಲ್ಲ. ಬಂಡವಾಳ 60 ನೋಟ್‌ಬುಕ್ಕಿನ ಬೆಲೆಯಷ್ಟಿತ್ತು. ಸಾಮಾನಿಗೆ 18 ಹೋಗಿತ್ತು, ಮಾರಾಟದಿಂದ 17 ಬಂದಿತ್ತು. ಡಬ್ಬಿಯಲ್ಲಿ ಇನ್ನೂ 59 ಇತ್ತು. ‘ಒಂದೇ ಒಂದು ಕಮ್ಮಿ, ಅಷ್ಟೇ ಅಲ್ವಾ’ ಎಂದ ಮುಖ್ಯಸ್ಥ. ಎಲ್ಲರಿಗೂ ಸಮಾಧಾನವಾಯಿತು.

ಅವಳಿಗೆ ಆಗಲಿಲ್ಲ. ಕೊನೆಯ 20 ಪುಸ್ತಕ ಮಾಡುವಾಗ ಅವಳು ಯಾರಿಗೂ ಹೇಳದೆ ಪಕ್ಕದಲ್ಲಿ ಗಡಿಯಾರ ಇಟ್ಟುಕೊಂಡಿದ್ದಳು. ಪ್ರತಿ ಹಂತಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಒಂದು ಚೀಟಿಯಲ್ಲಿ ಬರೆದಿದ್ದಳು. ಸರಾಸರಿ ಹೀಗಿತ್ತು: ಹಾಳೆ ಬೇರ್ಪಡಿಸಲು 19 ನಿಮಿಷ, ಕತ್ತರಿಸಲು 7, ಹೊಲಿಯಲು 12, ರಟ್ಟು ಅಂಟಿಸಲು 10. ಒಟ್ಟು 48 ನಿಮಿಷ. ತಂಡ ಶುರುವಿನಲ್ಲಿ ಅಂದಾಜು ಮಾಡಿದ್ದು 15 ನಿಮಿಷ.

ಆರನೇ ವಾರದ ಮೀಟಿಂಗಿನಲ್ಲಿ ಅವಳು ಎದ್ದು ನಿಂತು ಬೋರ್ಡಿನ ಮೇಲೆ ಬರೆದಳು. 48 ನಿಮಿಷಕ್ಕೆ ನಾವೇ ಗೊತ್ತು ಮಾಡಿದ ಕೂಲಿ 1.2 ನೋಟ್‌ಬುಕ್ಕಿನ ಬೆಲೆ. ಸಾಮಾನಿಗೆ 0.3. ಒಟ್ಟು 1.5. ನಾವು ಮಾರುವುದು 1ಕ್ಕೆ. ‘ಒಂದು ಪುಸ್ತಕ ಮಾರಿದಾಗೆಲ್ಲ ಅರ್ಧ ಪುಸ್ತಕದ ದುಡ್ಡು ಕಳ್ಕೊಳ್ತಾ ಇದ್ದೀವಿ. ಎಲ್ಲಾ ಮಾರಿದ್ರೂ ನಷ್ಟವೇ’ ಎಂದಳು.

ಮುಖ್ಯಸ್ಥನಿಗೆ ಸಿಟ್ಟು ಬಂತು. ‘ನಮ್ಮ ಸಮಯಕ್ಕೆ ಯಾರು ದುಡ್ಡು ಕೇಳ್ತಿದ್ದಾರೆ? ಇದು ಕಲಿಯೋಕೆ ಮಾಡ್ತಿರೋದು ಕಣೇ’ ಎಂದ. ಉಳಿದವರು ನನ್ನ ಮುಖ ನೋಡಿದರು.

ಮುಂದಿನ ವಾರ ಮಧ್ಯಂತರ ಪ್ರದರ್ಶನವಿತ್ತು. ಹೊರಗಿನ ತೀರ್ಪುಗಾರರು ಬರುವವರಿದ್ದರು. ತಂಡ ಆ ಹೊತ್ತಿಗೆ ಒಡೆಯುವುದು ಬೇಡ ಎಂದು ನಾನು ಹೇಳಿದೆ: ‘ಈಗ ಇದನ್ನ ಬದಿಗಿಡೋಣ. ಪ್ರದರ್ಶನ ಮುಗಿಯಲಿ, ಆಮೇಲೆ ನೋಡೋಣ.’

ಈ ಪ್ರಕರಣದ ಅತಿ ಕೆಟ್ಟ ನಿರ್ಧಾರ ಅದು. ನಾನು ತೆಗೆದುಕೊಂಡದ್ದು.

‘ಲೆಕ್ಕ ತಪ್ಪಿದೆಯಾ ಮೇಡಂ?’

ಪ್ರದರ್ಶನ ಚೆನ್ನಾಗಿ ನಡೆಯಿತು. ಪುಸ್ತಕಗಳನ್ನು ಸಾಲಾಗಿ ಜೋಡಿಸಿದ್ದರು. ಕಾಗದ ಉಳಿಸುವ ಮಾತು ಎಲ್ಲರಿಗೂ ಹಿಡಿಸಿತು. ಒಂದು ಪುಸ್ತಕಕ್ಕೆ ಎಷ್ಟು ಖರ್ಚಾಗುತ್ತದೆ ಎಂದು ಯಾರೂ ಕೇಳಲಿಲ್ಲ.

ಅವಳು ಅಂದು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ವಾರವಿಡೀ ಕಾದು ನಾನೇ ಫೋನ್ ಮಾಡಿದೆ. ಹುಷಾರಿಲ್ಲವಾ ಎಂದು ಕೇಳಿದೆ. ಹಾಗೇನಿಲ್ಲ ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು:

‘ಲೆಕ್ಕ ತಪ್ಪಿದೆಯಾ ಮೇಡಂ?’

‘ಇಲ್ಲ’ ಎಂದೆ.

‘ಮತ್ತೆ?’

ನನ್ನ ಹತ್ತಿರ ಉತ್ತರವಿರಲಿಲ್ಲ. ನಾವು ಆರು ವಾರ ಅವರಿಗೆ ಹೇಳಿದ್ದು ಏನು? ಧೈರ್ಯ ಮಾಡಿ, ಕೇಳಿ, ಅಳೆಯಿರಿ, ಯೋಚಿಸಿ ಎಂದು. ಒಬ್ಬಳು ನಿಜವಾಗಿ ಅಳೆದಳು. ಅಳೆದು ತಂದದ್ದನ್ನು ನಾನು ಪ್ರದರ್ಶನದ ಸಲುವಾಗಿ ಬದಿಗಿಟ್ಟೆ. ‘ತಪ್ಪು ನನ್ನದು. ನಾಳೆ ಬಾ, ಎಲ್ಲರ ಮುಂದೆ ಅದೇ ಲೆಕ್ಕದಿಂದ ಶುರು ಮಾಡೋಣ’ ಎಂದೆ. ಬಂದಳು.

ಇಲ್ಲಿ ಒಂದು ಅಧ್ಯಯನ ನೆನಪಾಗುತ್ತದೆ. ಆಫ್ರಿಕಾದ ಟೋಗೋ ದೇಶದಲ್ಲಿ 1,500 ಸಣ್ಣ ವ್ಯಾಪಾರಿಗಳ ಮೇಲೆ ಪ್ರಯೋಗ ಮಾಡಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಗುಂಪಿಗೆ ಲೆಕ್ಕಪತ್ರ, ಮಾರಾಟ ಮುಂತಾದ ಮಾಮೂಲಿ ವ್ಯಾಪಾರ ತರಬೇತಿ. ಇನ್ನೊಂದು ಗುಂಪಿಗೆ ತಾವಾಗಿಯೇ ಮುಂದಾಗುವ, ಮುಂದಿನದನ್ನು ಯೋಚಿಸುವ, ಅಡ್ಡಿ ಬಂದರೂ ಬಿಡದಿರುವ ಮನೋಭಾವದ ತರಬೇತಿ. ಎರಡನೇ ಗುಂಪಿನ ಲಾಭ ನೂರಕ್ಕೆ 30ರಷ್ಟು ಹೆಚ್ಚಿತು. ಮೊದಲನೆಯದರಲ್ಲಿ ಕಂಡ 11ರಷ್ಟು ಏರಿಕೆ ಖಚಿತವಾಗಿ ತರಬೇತಿಯದೇ ಫಲ ಎನ್ನುವಷ್ಟು ಗಟ್ಟಿಯಾಗಿರಲಿಲ್ಲ. ಯಾರೂ ಹೇಳದೆ ಗಡಿಯಾರ ಪಕ್ಕದಲ್ಲಿಟ್ಟುಕೊಂಡ ಹುಡುಗಿ ಮಾಡಿದ್ದು ಈ ಎರಡನೇ ಬಗೆಯ ಕೆಲಸ. ಅದನ್ನು ಗುರುತಿಸುವುದಕ್ಕೇ ನಾನು ಅಲ್ಲಿದ್ದೆ.

ಎರಡನೇ ಸಲ ಕೇಳಿದ ಪ್ರಶ್ನೆ

ಎಂಟನೇ ವಾರ. ನಾಲ್ಕೇ ವಾರ ಬಾಕಿ. ಲೆಕ್ಕವನ್ನು ಎಲ್ಲರೂ ಕೂತು ಮತ್ತೆ ಮಾಡಿದರು. ಉತ್ತರ ಅದೇ ಬಂತು. ಮುಖ್ಯಸ್ಥ ಈ ಸಲ ವಾದ ಮಾಡಲಿಲ್ಲ.

ಬೆಲೆ ಏರಿಸೋಣ ಎಂದು ಒಬ್ಬ ಹೇಳಿದ. ಈಗಿನ ಬೆಲೆಗೇ ಕೊಳ್ಳದವರು ಒಂದೂವರೆ ಪಟ್ಟು ಕೊಡುತ್ತಾರಾ? ಬೇಗ ಬೇಗ ಮಾಡೋಣ ಎಂದಳು ಇನ್ನೊಬ್ಬಳು. ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಹೊತ್ತು ಹಾಳೆ ಬೇರ್ಪಡಿಸುವುದಕ್ಕೇ ಹೋಗುತ್ತಿತ್ತು. ಅದನ್ನು ಅರ್ಧ ಮಾಡಿದರೂ ನಷ್ಟ ತಪ್ಪುತ್ತಿರಲಿಲ್ಲ.

ಆಗ ಮತ್ತೆ ಜನರ ಹತ್ತಿರ ಹೋಗುವುದೆಂದು ತೀರ್ಮಾನವಾಯಿತು. ಸ್ಟೀವ್ ಬ್ಲ್ಯಾಂಕ್ ಎಂಬ ಉದ್ಯಮಿ ಹೊಸ ಕಂಪನಿ ಕಟ್ಟುವವರಿಗೆ ‘ಕಟ್ಟಡ ಬಿಟ್ಟು ಹೊರಗೆ ಹೋಗಿ’ ಎಂದು ಹೇಳುತ್ತಾ ಬಂದಿದ್ದಾರೆ. ಗ್ರಾಹಕರ ವಿಷಯದ ಉತ್ತರ ಆಫೀಸಿನೊಳಗೆ ಸಿಗುವುದಿಲ್ಲ ಎಂಬುದು ಅವರ ಮಾತು. ನಮ್ಮವರು ಮೊದಲ ಸಲವೂ ಹೊರಗೆ ಹೋಗಿದ್ದರು. ಕೇಳಿದ ಪ್ರಶ್ನೆ ಸರಿಯಿರಲಿಲ್ಲ ಅಷ್ಟೇ. ‘ಕೊಳ್ಳುತ್ತೀರಾ?’ ಎಂದು ಹದಿನೇಳರ ಹುಡುಗಿಯೊಬ್ಬಳು ಆಸೆಯಿಂದ ಕೇಳಿದರೆ ಯಾರಿಗೆ ‘ಇಲ್ಲ’ ಎನ್ನಲು ಮನಸ್ಸು ಬರುತ್ತದೆ?

ಈ ಸಲ ಪುಸ್ತಕ ತೋರಿಸಬಾರದು, ನಮ್ಮ ಐಡಿಯಾ ಹೇಳಬಾರದು ಎಂದು ಗೊತ್ತು ಮಾಡಿಕೊಂಡರು. ನಡೆದುಹೋದದ್ದನ್ನು ಮಾತ್ರ ಕೇಳುವುದು. ಅವಳು ಬರೆದುಕೊಂಡಿದ್ದ ಪ್ರಶ್ನೆಗಳು ಮೂರೇ: ‘ಹೋದ ವರ್ಷದ ನೋಟ್‌ಬುಕ್‌ಗಳು ಈಗ ಎಲ್ಲಿವೆ? ಕೊನೆಯ ಸಲ ಅವನ್ನು ಯಾವಾಗ ತೆಗೆದ್ರಿ? ಯಾಕೆ?’

22 ಜನರ ಜೊತೆ ಮಾತಾಡಿದರು. ಖಾಲಿ ಹಾಳೆಯ ವಿಷಯ ಹೆಚ್ಚುಕಡಿಮೆ ಯಾರ ಬಾಯಲ್ಲೂ ಬರಲಿಲ್ಲ. ಬಂದದ್ದೆಲ್ಲ ಬರೆದ ಹಾಳೆಯ ವಿಷಯ. ನೋಟ್ಸ್ ಮೂರು ಪುಸ್ತಕದಲ್ಲಿ ಹಂಚಿಹೋಗಿದೆ. ಶಿಕ್ಷಕರು ಕೊಟ್ಟ ಬಿಡಿ ಹಾಳೆಗಳು ಬ್ಯಾಗಿನಲ್ಲಿ ಮುದುಡಿವೆ. ಪರೀಕ್ಷೆ ಹತ್ತಿರ ಬಂದಾಗ ಅರ್ಧ ದಿನ ಹುಡುಕುವುದರಲ್ಲೇ ಹೋಗುತ್ತದೆ. ಒಬ್ಬಳು ನೇರವಾಗಿಯೇ ಕೇಳಿದಳು: ‘ನೀವು ಖಾಲಿ ಹಾಳೆ ಹರಿದು ತಗೊಂಡು ಹೋದ್ರಲ್ಲ, ಬರೆದಿರೋ ಹಾಳೆಗಳನ್ನೂ ಹೊಲಿದು ಕೊಡ್ತೀರಾ?’

ನಮ್ಮ ವಿದ್ಯಾರ್ಥಿನಿ ಅದನ್ನು ಹಾಗೇ ಬರೆದುಕೊಂಡು ಬಂದಳು. ಮೀಟಿಂಗಿನಲ್ಲಿ ಓದಿದಾಗ ಕೋಣೆ ಒಂದು ಕ್ಷಣ ಗಪ್‌ಚಿಪ್ ಆಯಿತು. ನಾವು ಎಂಟು ವಾರದಿಂದ ಖಾಲಿ ಹಾಳೆಯ ಹಿಂದೆ ಬಿದ್ದಿದ್ದೆವು. ಜನರಿಗೆ ಬೆಲೆ ಕಂಡದ್ದು ತಾವು ಬರೆದ ಹಾಳೆಯಲ್ಲಿ.

ಹೊಸ ಯೋಜನೆ ಸರಳವಾಗಿತ್ತು. ಗ್ರಾಹಕರು ಒಂದು ವಿಷಯದ ನೋಟ್ಸ್, ಬಿಡಿ ಹಾಳೆ ಎಲ್ಲವನ್ನೂ ತಾವೇ ಸಾಲಾಗಿ ಜೋಡಿಸಿ ತರಬೇಕು. ತಂಡ ಅದನ್ನು ಒಂದೇ ಪುಸ್ತಕವಾಗಿ ಹೊಲಿದು, ರಟ್ಟು ಹಾಕಿ, ಕೊನೆಗೆ ಕೆಲವು ಖಾಲಿ ಹಾಳೆ ಸೇರಿಸಿ ಕೊಡುತ್ತದೆ. ಹಾಳೆ ಬೇರ್ಪಡಿಸುವ ಕೆಲಸ ಗ್ರಾಹಕರ ಕೈಗೇ ಹೋಯಿತು. ಅವರೂ ಗೊಣಗಲಿಲ್ಲ, ಯಾಕೆಂದರೆ ಯಾವುದು ಎಲ್ಲಿ ಬರಬೇಕು ಎಂಬುದು ಅವರಿಗೇ ಗೊತ್ತು.

ಉಳಿದ 43 ಪುಸ್ತಕ

ಇಷ್ಟಾದರೂ ತಂಡ ಎರಡು ದಿನ ಮುಂದಕ್ಕೆ ಹೋಗಲಿಲ್ಲ. ಮೂಲೆಯಲ್ಲಿ ಹಳೆಯ 43 ಪುಸ್ತಕಗಳಿದ್ದವು. ಮೊದಲು ಅವನ್ನು ಖಾಲಿ ಮಾಡೋಣ, ಬೆಲೆ ಇಳಿಸಿಯಾದರೂ ಮಾರೋಣ, ಆಮೇಲೆ ಹೊಸದು ಎಂಬ ವಾದ. ‘ಎಷ್ಟು ಕಷ್ಟಪಟ್ಟು ಮಾಡಿದ್ದೀವಿ ಮೇಡಂ’ ಎಂದು ಮುಖ್ಯಸ್ಥ ಹೇಳುವಾಗ ಅವನ ದನಿ ನಿಜಕ್ಕೂ ಬಿಗಿದಿತ್ತು. ನನಗೆ ಅದು ಅರ್ಥವಾಗುತ್ತಿತ್ತು.

ಹಾಕಿದ ದುಡ್ಡು, ಪಟ್ಟ ಶ್ರಮ ನಮ್ಮನ್ನು ಹೇಗೆ ಹಿಡಿದಿಡುತ್ತದೆ ಎಂಬುದನ್ನು ಆರ್ಕ್ಸ್ ಮತ್ತು ಬ್ಲೂಮರ್ ಎಂಬ ಮನಶ್ಶಾಸ್ತ್ರಜ್ಞರು 1985ರಲ್ಲಿ ತೋರಿಸಿದ್ದಾರೆ. ಒಂದು ರಂಗಮಂದಿರದ ಸೀಸನ್ ಟಿಕೆಟ್ ಕೊಂಡವರಲ್ಲಿ ಕೆಲವರಿಗೆ ಪೂರ್ತಿ ಬೆಲೆಗೆ, ಕೆಲವರಿಗೆ ರಿಯಾಯಿತಿಯಲ್ಲಿ ಟಿಕೆಟ್ ಕೊಟ್ಟರು. ಯಾರಿಗೆ ಯಾವುದು ಎಂಬುದು ಬರೀ ಅದೃಷ್ಟ. ಆದರೂ ಸೀಸನ್ನಿನ ಮೊದಲ ಅರ್ಧದಲ್ಲಿ ಪೂರ್ತಿ ಬೆಲೆ ಕೊಟ್ಟವರೇ ಹೆಚ್ಚು ನಾಟಕ ನೋಡಿದರು. ನಾನು ಇದನ್ನು ಕಥೆಯ ಹಾಗೆ ಹೇಳಿ ಒಂದೇ ಪ್ರಶ್ನೆ ಕೇಳಿದೆ: ‘ಈ 43 ಪುಸ್ತಕ ಇವತ್ತು ಯಾರೋ ನಮಗೆ ಸುಮ್ನೆ ಕೊಟ್ಟಿದ್ದರೆ, ಮುಂದಿನ ನಾಲ್ಕು ವಾರ ಇದನ್ನ ಮಾರೋದ್ರಲ್ಲಿ ಕಳೀತಿದ್ವಾ?’

ಉತ್ತರ ಅವಳಿಂದ ಬಂತು. ‘ಹೊಲಿಗೆ ಬಿಚ್ಚೋಣ. ಹೊಸ ಪುಸ್ತಕದ ಕೊನೆಗೆ ಹಾಕೋಕೆ ಖಾಲಿ ಹಾಳೆ ಬೇಕಲ್ಲ, ರಟ್ಟೂ ಬೇಕು.’ ಮೊದಲ ಪುಸ್ತಕದ ದಾರ ಮುಖ್ಯಸ್ಥನೇ ಕತ್ತರಿಸಿದ. ಅವನಿಗೆ ಅದು ಸುಲಭವಿರಲಿಲ್ಲ. ಆ ದಿನ ಅವನ ಮೇಲೆ ನನಗೆ ಗೌರವ ಹೆಚ್ಚಿತು.

ಇನ್ನೆರಡು ನಿರ್ಧಾರ ಅಂದೇ ಆದವು. ಸರಸ್ ಸರಸ್ವತಿ ಎಂಬ ಸಂಶೋಧಕಿ 2001ರಲ್ಲಿ ಅನುಭವಿ ಉದ್ಯಮಿಗಳ ಯೋಚನಾ ಕ್ರಮದ ಬಗ್ಗೆ ಬರೆಯುತ್ತಾ, ಅವರು ಎಷ್ಟು ಗಳಿಸಬಹುದು ಎಂಬುದಕ್ಕಿಂತ ಎಷ್ಟು ಕಳೆದುಕೊಂಡರೆ ತಡೆದುಕೊಳ್ಳಬಹುದು ಎಂದು ಮೊದಲು ನೋಡುತ್ತಾರೆ ಎಂದಿದ್ದಾರೆ. ತಂಡವೂ ಒಂದು ಮಿತಿ ಹಾಕಿಕೊಂಡಿತು: ಹೊಸ ಪ್ರಯತ್ನದಲ್ಲಿ ಹತ್ತು ನೋಟ್‌ಬುಕ್ಕಿನ ಬೆಲೆ ಹೋದರೆ ಅಲ್ಲಿಗೆ ನಿಲ್ಲಿಸುವುದು. ಯಾಕೆಂದರೆ ಡಬ್ಬಿಯಲ್ಲಿದ್ದದ್ದು ಶೇರುದಾರರ ಹಣ. ಎರಡನೆಯದು, ಮುಂಗಡ ಕೊಟ್ಟವರ ಪುಸ್ತಕ ಮಾತ್ರ ಹೊಲಿಯುವುದು. ‘ಚೆನ್ನಾಗಿದೆ’ ಎಂಬ ಮಾತಿಗೆ ದಾರ ಖರ್ಚು ಮಾಡುವುದಿಲ್ಲ.

ಏನಾಯಿತು

ಹೊಸ ಯೋಜನೆಯ ಮೊದಲ ವಾರ 12 ಮುಂಗಡ ಬಂದವು. ಹನ್ನೊಂದನೇ ವಾರ ಮುಗಿಯುವಾಗ ಒಟ್ಟು 38. ಬೆಲೆ ಒಂದೂಕಾಲು ನೋಟ್‌ಬುಕ್ಕಿನಷ್ಟು ಇಟ್ಟಿದ್ದರು. ಚೌಕಾಶಿ ಮಾಡಿದವರು ಕಡಿಮೆ. ಅವಳು ಮತ್ತೆ ಗಡಿಯಾರ ಇಟ್ಟಳು. ಒಂದು ಪುಸ್ತಕಕ್ಕೆ 24 ನಿಮಿಷ. ಕೂಲಿ 0.6, ಸಾಮಾನು 0.2, ಒಟ್ಟು 0.8. ಉಳಿತಾಯ 0.45.

ತೊಂದರೆ ಬರಲೇ ಇಲ್ಲ ಎಂದೇನಲ್ಲ. ಒಂದು ಪುಸ್ತಕದ ಅಂಚು ಕತ್ತರಿಸುವಾಗ ಬರೆದ ಸಾಲುಗಳ ತುದಿಯೂ ಹೋಯಿತು. ಖಾಲಿ ಹಾಳೆಯಾದರೆ ಬದಲಿಸಬಹುದು, ಇನ್ನೊಬ್ಬರ ವರ್ಷದ ಬರಹವನ್ನು ಎಲ್ಲಿಂದ ತರುವುದು? ಅವಳೇ ಹೋಗಿ ಕ್ಷಮೆ ಕೇಳಿ, ಹಣ ವಾಪಸ್ ಕೊಟ್ಟು, ಹೋದ ಸಾಲುಗಳನ್ನು ಅವರ ಜೊತೆ ಕೂತು ಅಂಚಿನಲ್ಲಿ ಬರೆದುಕೊಟ್ಟಳು. ಆಮೇಲೆ ಅಂಚು ಕತ್ತರಿಸುವುದನ್ನೇ ನಿಲ್ಲಿಸಿದರು. ಪುಸ್ತಕ ಸ್ವಲ್ಪ ಒರಟಾಗಿ ಕಂಡಿತು. ಯಾರೂ ದೂರಲಿಲ್ಲ.

ಕೊನೆಯ ವಾರ ಇನ್ನೊಂದು ಜಗಳ. ಅಂತಿಮ ಪ್ರದರ್ಶನದಲ್ಲಿ ಹೊಸ ಕೆಲಸದ ಲೆಕ್ಕ ಮಾತ್ರ ತೋರಿಸೋಣ ಎಂದು ಮೂವರು ಹೇಳಿದರು. ಬಹುಮಾನದ ಆಸೆಯೂ ಇತ್ತು. ಅವಳು ಒಪ್ಪಲಿಲ್ಲ. ‘60 ಶೇರು ತಗೊಂಡವರು ಆ ಮೊದಲಿನ ಪುಸ್ತಕಕ್ಕೇ ದುಡ್ಡು ಕೊಟ್ಟಿದ್ದು. ಅದು ಏನಾಯ್ತು ಅಂತ ಅವರಿಗೆ ಹೇಳಬೇಡ್ವಾ?’ ಎಂದಳು. ನಾನು ಈ ಸಲ ಅವಳ ಪಕ್ಕ ನಿಂತೆ. ಎರಡೂ ಲೆಕ್ಕವನ್ನು ಅಕ್ಕಪಕ್ಕ ಬರೆದು ತೋರಿಸಿದರು. ಶೇರುದಾರರಿಗೆ ಬಂಡವಾಳ ಪೂರ್ತಿ ವಾಪಸ್ ಹೋಯಿತು, ಲಾಭಾಂಶ ಇಲ್ಲ. ಎರಡನೇ ಹಂತದ ಕೂಲಿ ಎಲ್ಲರಿಗೂ ಸಿಕ್ಕಿತು. ಮೊದಲ ಹಂತದ 48 ಗಂಟೆಗೆ ಬರಬೇಕಾಗಿದ್ದ ಕೂಲಿ 72 ನೋಟ್‌ಬುಕ್ಕಿನ ಬೆಲೆ. ಡಬ್ಬಿಯಲ್ಲಿ ಉಳಿದದ್ದು ಸುಮಾರು 15. ಅದನ್ನೇ ಐವರೂ ಹಂಚಿಕೊಂಡರು. ಬಹುಮಾನ ಬೇರೆ ತಂಡಕ್ಕೆ ಹೋಯಿತು.

ನಾವು ಬದಲಿಸಿದ್ದು

ತರಬೇತಿಯ ಮೊದಲ ದಿನ ಮತ್ತು ಕೊನೆಯ ದಿನ ಒಂದೇ ಪ್ರಶ್ನೆ ಇರುತ್ತದೆ: ‘ಸ್ವಂತ ಉದ್ಯಮ ಶುರು ಮಾಡುವ ಆಸೆ ಎಷ್ಟಿದೆ?’ ಅವಳು ಮೊದಲು ಐದಕ್ಕೆ ಐದು ಹಾಕಿದ್ದಳು. ಕೊನೆಗೆ ಎರಡು ಹಾಕಿದಳು. ಪಕ್ಕದಲ್ಲಿ ಪುಟ್ಟದಾಗಿ ‘ಈಗಲೇ ಬೇಡ. ಮೊದಲು ಲೆಕ್ಕಪತ್ರ ಸರಿಯಾಗಿ ಕಲಿಯಬೇಕು’ ಎಂದು ಬರೆದಿದ್ದಳು.

ನಡೆಸುವವರ ಪಟ್ಟಿಯಲ್ಲಿ ಅದು ಸೋಲು ಎಂದು ಸೇರಿತು. ನಾನು ಒಪ್ಪುವುದಿಲ್ಲ. ಹಾಲೆಂಡಿನ ಕಾಲೇಜೊಂದರ ವಿದ್ಯಾರ್ಥಿ ಕಂಪನಿ ತರಬೇತಿಯನ್ನು ಅಧ್ಯಯನ ಮಾಡಿ ಊಸ್ಟರ್‌ಬೇಕ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಫಲಿತಾಂಶವೂ ಹೀಗೇ ಇತ್ತು. ತರಬೇತಿ ಪಡೆದವರಲ್ಲಿ ಉದ್ಯಮಿಯಾಗುವ ಆಸೆ ಕಡಿಮೆಯಾಗಿತ್ತು. ತಮ್ಮ ಬಗ್ಗೆ, ಉದ್ಯಮಕ್ಕೆ ಏನೇನು ಬೇಕು ಎಂಬುದರ ಬಗ್ಗೆ ಅವರಿಗೆ ವಾಸ್ತವದ ಅರಿವು ಬಂದಿರಬಹುದು ಎಂಬುದು ಲೇಖಕರೇ ಕೊಟ್ಟ ಒಂದು ವಿವರಣೆ. ತನಗೆ ಏನು ಗೊತ್ತಿಲ್ಲ ಎಂದು 17ನೇ ವಯಸ್ಸಿನಲ್ಲಿ ಇಷ್ಟು ಸ್ಪಷ್ಟವಾಗಿ ಬರೆದ ಹುಡುಗಿಯನ್ನು ಸೋತವಳು ಎನ್ನಲು ನನ್ನಿಂದಾಗದು.

ಮುಂದಿನ ಬ್ಯಾಚಿಗೆ ಕೆಲವು ಬದಲಾವಣೆ ಮಾಡಿದೆವು. ‘ಕೊಳ್ಳುತ್ತೀರಾ?’ ಫಾರಂ ಈಗಿಲ್ಲ. ಹತ್ತಕ್ಕಿಂತ ಜಾಸ್ತಿ ತಯಾರಿಸುವ ಮೊದಲು ಪ್ರತಿ ತಂಡ ಗಡಿಯಾರ ಇಟ್ಟು ಸಮಯ ಬರೆಯಬೇಕು, ಅವರವರ ಕೂಲಿ ಸೇರಿಸಿ ಒಂದು ವಸ್ತುವಿನ ಖರ್ಚು ತೋರಿಸಬೇಕು. ಮಧ್ಯಂತರ ಪ್ರದರ್ಶನಕ್ಕೆ ಹೊರಗಿನವರನ್ನು ಕರೆಯುವುದಿಲ್ಲ. ಆ ದಿನ ತಂಡಗಳು ತಮ್ಮ ಲೆಕ್ಕದಲ್ಲಿ ತಾಳೆಯಾಗದೆ ಇರುವುದನ್ನು ಮಾತ್ರ ತರುತ್ತವೆ. ಯಾರಾದರೂ ತಂಡಕ್ಕೆ ಬೇಡವಾದ ಅಂಕಿ ತಂದರೆ ಮೆಂಟರ್ ಅದನ್ನು ಅದೇ ಮೀಟಿಂಗಿನಲ್ಲಿ ಕೈಗೆತ್ತಿಕೊಳ್ಳಬೇಕು. ಈ ಕೊನೆಯ ನಿಯಮ ನನ್ನ ಒತ್ತಾಯದಿಂದ ಸೇರಿದ್ದು.

ಕೊನೆಯ ದಿನದ ಫಾರಂನಲ್ಲೂ ಒಂದು ಪ್ರಶ್ನೆ ಸೇರಿಸಿದ್ದೇವೆ: ‘ಈ 12 ವಾರದಲ್ಲಿ ನೀವು ಬದಲಿಸಿದ ಒಂದು ನಿರ್ಧಾರ ಯಾವುದು? ಏನು ನೋಡಿ ಬದಲಿಸಿದಿರಿ?’ ಆ ಸಾಲನ್ನು ಖಾಲಿ ಬಿಟ್ಟವರ ಜೊತೆ ನಾನು ಬೇರೆಯಾಗಿ ಕೂತು ಮಾತಾಡುತ್ತೇನೆ.